ಶನಿವಾರ ಹಾವು ಬರುವ ಮುಂಚೆ

ಪುಟ್ಟಿ,

ನೀನು ಕಳಿಸಿದ ಹಾವಿನ ಪೆಟ್ಟಿಗೆಯ ಫೋಟೋ ನೋಡಿದೆ. 4 ಅಡಿ ಉದ್ದದ ಮರದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ತೆಂಗಿನ ನಾರಿನ ಪುಡಿ. ನಮ್ಮ ರೇಷ್ಮೆ ಹುಳು ಮನೆಗಿಂತ ಚೊಕ್ಕವಾಗಿದೆ. ಅಮ್ಮ ಮಾತ್ರ ಎರಡು ದಿನದಿಂದ ಫೋನ್ ಕಡೆ ತಿರುಗಿ ನೋಡಿಲ್ಲ. "ನಾಗರಪಂಚಮಿಗೆ ಹುತ್ತಕ್ಕೆ ಕೈ ಮುಗಿಯೇ ಅಂದ್ರೆ ಮೂಗು ಮುರೀತಿದ್ದಳು, ಈಗ ಮನೆಯೊಳಗೇ ಇಟ್ಕೊಳ್ತಾಳಂತೆ" ಅಂತ ಪಕ್ಕದ ಮನೆಯಲ್ಲಿ ಹೇಳುತ್ತಿದ್ದಳು. ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆ ನೀನು ತರುವ ಈ ರಾಯಲ್ ಪೈಥಾನ್ (ವಿಷವಿಲ್ಲದ ಸಣ್ಣ ಹೆಬ್ಬಾವು) ಕೂಡ ಇಲಿ ಬಿಲದಲ್ಲಿ, ಹುತ್ತದಲ್ಲಿ ಇರುತ್ತದೆ ಅಂತ ಓದಿ ಹೇಳಿದೆ. ಸ್ವಲ್ಪ ಮೆತ್ತಗಾದಳು.

ಹಾವು ಸಾಕಿ ನನಗೆ ಗೊತ್ತಿಲ್ಲ. ಆದರೆ ಬಿಸಿ ಗೊತ್ತು, ತೇವ ಗೊತ್ತು. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷದಿಂದ ಚಾಕಿ, ಅಂದರೆ ಎಳೆಯ ರೇಷ್ಮೆ ಹುಳು ಸಾಕಣೆ, ಮಾಡುತ್ತಿದ್ದೇನೆ. ಅದಕ್ಕೇ ಫೋಟೋದಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಗಾಜಿನ ಮೇಲ್ತುದಿಗೆ ಅಂಟಿಸಿದ ಆ ಗುಂಡು ಥರ್ಮಾಮೀಟರ್. ಮುಳ್ಳು 32ಕ್ಕೆ ನಿಂತಿದೆ ಅಂತ ಖುಷಿಯಿಂದ ಬರೆದಿದ್ದೀಯ. ಅದು ಗಾಜಿನ ಬಿಸಿ ಪುಟ್ಟಿ. ಹಾವು ಮಲಗೋದು ನೆಲದಲ್ಲಿ, ಅಲ್ವಾ?

ನೀನು ಮೂರನೇ ಕ್ಲಾಸಿನಲ್ಲಿದ್ದ ವರ್ಷದ ಪುಷ್ಯ ಮಾಸ. ಚಾಕಿಗೆ 27-28 ಡಿಗ್ರಿ ಬೇಕು. ನಾನು ನಿಂತು ನೋಡಲು ಸಲೀಸು ಅಂತ ಥರ್ಮಾಮೀಟರನ್ನು ಎದೆಮಟ್ಟದ ಮೊಳೆಗೆ ನೇತು ಹಾಕಿದ್ದೆ. ಇದ್ದಿಲ ಒಲೆ ಉರಿಯುತ್ತಿತ್ತು, 27 ತೋರಿಸುತ್ತಿತ್ತು, ನಾನು ನಿಶ್ಚಿಂತೆಯಿಂದ ಮಲಗುತ್ತಿದ್ದೆ. ಮೇಲಿನ ತಟ್ಟೆಯ ಹುಳು ಸರಿಯಾಗಿ ಜ್ವರಕ್ಕೆ (ಪೊರೆ ಬಿಡಲು ಮೇವು ನಿಲ್ಲಿಸಿ) ಕೂತವು. ಕೆಳಗಿನವು ಇನ್ನೂ ಸೊಪ್ಪು ಮೇಯುತ್ತಲೇ ಇದ್ದವು. ಥರ್ಮಾಮೀಟರ್ ತೆಗೆದು ಕೆಳಗಿನ ತಟ್ಟೆ ಪಕ್ಕ ಇಟ್ಟರೆ 22! ಒಂದೇ ಕೋಣೆ, ಒಂದೇ ಒಲೆ. ನನ್ನ ಎತ್ತರಕ್ಕೆ ಬೆಚ್ಚಗಿತ್ತು, ಹುಳುವಿನ ಎತ್ತರಕ್ಕೆ ಇರಲಿಲ್ಲ. ಆ ಸಲದ ಹುಳು ಪೂರ್ತಿ ಏರುಪೇರಾಗಿ ಕೈಕೊಟ್ಟಿತು.

ನಿನ್ನ ಪೆಟ್ಟಿಗೆಯಲ್ಲಿ ಒಂದು ತೊಂದರೆ ಜಾಸ್ತಿ. ನಮಗೆ ಕೋಣೆಯೆಲ್ಲ ಒಂದೇ ಸಮ ಇರಬೇಕು. ಹಾವಿಗೆ ಹಾಗಿದ್ದರೆ ಆಗದು. ಒಂದು ತುದಿಯಲ್ಲಿ ಹೀಟರ್ ಕೆಳಗೆ 31-32, ಇನ್ನೊಂದು ತುದಿಯಲ್ಲಿ 25-26. ಅದು ಮೈ ಕಾಯಿಸಿಕೊಳ್ಳೋದು, ತಣಿಸಿಕೊಳ್ಳೋದು ಎಲ್ಲ ಜಾಗ ಬದಲಿಸಿಯೇ. (ನಮ್ಮ ಕಡೆಯ ಹೆಬ್ಬಾವು ಮಾತ್ರ ಮೊಟ್ಟೆ ಸುತ್ತಿಕೊಂಡು ಮೈ ನಡುಗಿಸಿ ಬಿಸಿ ಹುಟ್ಟಿಸುತ್ತದಂತೆ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ತಾನೇ ಆದ ಹಾಗೆ!) ನುಂಗಿದ ಇಲಿ ಅರಗಬೇಕಾದರೂ ಹೊರಗಿನ ಬಿಸಿಯೇ ಬೇಕು. ಮೈ ತಣ್ಣಗಿದ್ದರೆ ಕಕ್ಕಿಬಿಡುತ್ತದೆ.

ಹಾವು ಅಡಗಲು ನೀನು ಒಂದೇ ಗೂಡು ಇಟ್ಟಿದ್ದೀಯ, ಅದೂ ಬಿಸಿ ಕಡೆ. ತಂಪು ಕಡೆಗೂ ಒಂದಿರಲಿ. ಇಲ್ಲದಿದ್ದರೆ ಸೆಖೆಯಾದರೂ ಹೆದರಿಕೆಗೆ ಅಲ್ಲೇ ಮುದುರಿಕೊಂಡು ಕೂರುತ್ತದೆ.

ಆಮೇಲೆ ಆ ಸೆರಾಮಿಕ್ ಹೀಟರ್. ಬೆಳಕು ಬರಲ್ಲ ಅಂತ ಮೋಸ ಹೋಗಬೇಡ, ಅದು ಕಾದ ಹಂಚು. ಪ್ಲಾಸ್ಟಿಕ್ ಹೋಲ್ಡರ್ ಬೇಡ, ಪಿಂಗಾಣಿಯದ್ದೇ ಹಾಕು. ಸುತ್ತ ತಂತಿಯ ಗೂಡು ಇರಲೇಬೇಕು. ಸುಟ್ಟರೆ ನಾವು ಥಟ್ಟನೆ ಕೈ ಎಳೆದುಕೊಳ್ಳುತ್ತೇವೆ. ಹಾವು ಹಾಗಲ್ಲ, ಬೆಚ್ಚಗಿದೆ ಅಂತ ಸುತ್ತಿಕೊಂಡೇ ಬೇಯುತ್ತದೆ. ಕರೆಂಟಿನ ಕಾಯೋ ಕಲ್ಲು ಅಂತ ಮಾರುತ್ತಾರಲ್ಲ, ಅದನ್ನು ಯಾರು ಪುಕ್ಕಟೆ ಕೊಟ್ಟರೂ ತರಬೇಡ.

ಬಿಸಿ ನೋಡಿ ಹೀಟರನ್ನು ತಾನೇ ಹಚ್ಚಿ ಆರಿಸುವ ಥರ್ಮೋಸ್ಟ್ಯಾಟ್ ಇಲ್ಲದೆ ಹೀಟರ್ ಹಚ್ಚಬೇಡ. ಅದರ ಪ್ರೋಬನ್ನು (ಬಿಸಿ ಅಳೆಯುವ ತಂತಿಯ ತುದಿ) ಬಿಸಿ ಜಾಗದಲ್ಲಿ, ಹಾವಿನ ಬೆನ್ನಿನ ಮಟ್ಟಕ್ಕೆ, ಅಲುಗಾಡದ ಹಾಗೆ ಕ್ಲಿಪ್ ಹಾಕಿ ಕಟ್ಟು. ಹಾವು ಅದನ್ನು ಎಳೆದು ನೀರಿನ ಬಟ್ಟಲಿಗೆ ಹಾಕಿತು ಅಂದುಕೋ. ಪ್ರೋಬ್ "ಚಳಿ ಚಳಿ" ಅನ್ನುತ್ತಲೇ ಇರುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ಅದಕ್ಕೇ ಬೇರೆಯದೇ ಎರಡು ಡಿಜಿಟಲ್ ಥರ್ಮಾಮೀಟರ್ ಬೇಕು, ತುದಿಗೊಂದು, ನೆಲಮಟ್ಟದಲ್ಲಿ. ಥರ್ಮೋಸ್ಟ್ಯಾಟ್ ಹೇಳಿದ್ದನ್ನು ಥರ್ಮೋಸ್ಟ್ಯಾಟನ್ನೇ ಕೇಳಿ ನಂಬೋದು ಲೆಕ್ಕ ಬರೆದವನಿಂದಲೇ ಲೆಕ್ಕ ತಪಾಸಣೆ ಮಾಡಿಸಿದ ಹಾಗೆ.

ತೇವ ನಮ್ಮಷ್ಟು ಬೇಡ. ಚಾಕಿಗೆ ಶೇಕಡ 85ರ ಮೇಲೆ, ನಿನ್ನ ಹಾವಿಗೆ 60ರ ಆಸುಪಾಸು ಸಾಕು. ಆದರೆ ಇಂಗ್ಲೆಂಡಿನ ಲೀಡ್ಸ್‌ನ ಚಳಿಗೆ ನೀವು ಹಗಲೂ ರಾತ್ರಿ ಮನೆ ಕಾಯಿಸುತ್ತೀರಿ, ಗಾಳಿ ಒಣಗಿರುತ್ತದೆ. ಪೊರೆ ಬಿಡುವಾಗ ಇದು ಗೊತ್ತಾಗುತ್ತದೆ. ತೇವ ಸರಿಯಿದ್ದರೆ ಪೊರೆ ಕಾಲುಚೀಲದ ಹಾಗೆ ಒಂದೇ ತುಂಡಾಗಿ ಬರುತ್ತದೆ, ಇಲ್ಲದಿದ್ದರೆ ಚೂರು ಚೂರು. ಪೊರೆಗೆ ಮುಂಚೆ ಕಣ್ಣು ಹಾಲು ಕಟ್ಟಿದ ಹಾಗಾಗುತ್ತದೆ, ಊಟ ಬಿಡಬಹುದು. ಗಾಬರಿಯಾಗಬೇಡ. ಜ್ವರಕ್ಕೆ ಕೂತ ಹುಳುವಿಗೆ ನಾವು ಸೊಪ್ಪು ಹಾಕುತ್ತೇವಾ?

ರಜೆಗೆ ಬರುವಾಗ ಹಾವನ್ನೂ ತರ್ತಾಳಾ ಅಂತ ಅಮ್ಮನ ಪ್ರಶ್ನೆ. ಆ ಯೋಚನೆ ಬೇಡ. ಹೊರದೇಶದ ಇಂಥ ಪ್ರಾಣಿಗೂ ಇಲ್ಲಿ ಈಗ ಸರ್ಕಾರದಲ್ಲಿ ನೋಂದಣಿ ಬೇಕು, ನಮ್ಮ ಹೆಬ್ಬಾವನ್ನಂತೂ ಸಾಕುವ ಹಾಗೇ ಇಲ್ಲ. ಇನ್ನೊಂದು ವಿಷಯ. ಇವು 20-30 ವರ್ಷ ಬದುಕುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣೊಂದು 2020ರಲ್ಲಿ ಮೊಟ್ಟೆ ಇಟ್ಟಿತಂತೆ. ನನಗಿಂತ ಹಿರಿಯಳು! ಕೆಲಸ, ಮನೆ, ಮದುವೆ ಏನೇ ಬದಲಾದರೂ ಪೆಟ್ಟಿಗೆ ನಿನ್ನ ಹಿಂದೆ ಬರುತ್ತದೆ. ಬೇಡ ಅನ್ನುತ್ತಿಲ್ಲ, ಸುಮ್ನೆ ಹೇಳಿದೆ.

ಈಗ ಒಂದು ಕೆಲಸ ಮಾಡು. ಇವತ್ತಿನಿಂದಲೇ ಖಾಲಿ ಪೆಟ್ಟಿಗೆಗೆ ಬಿಸಿ ಹಾಕಿ ಬಿಡು. ರಾತ್ರಿ ಮನೆಯ ಹೀಟರ್ ಆರಿಸಿ ಮಲಗು. ಬೆಳಗಿನ ಜಾವ 5ಕ್ಕೆ ಅಲಾರಂ ಇಟ್ಟು ಎದ್ದು, ಎರಡೂ ಥರ್ಮಾಮೀಟರಿನ ಫೋಟೋ ಕಳಿಸು. ಇಲ್ಲಿ ಆಗ ಹತ್ತೂವರೆ, ಹುಳು ಮನೆಯಿಂದ ಬಂದು ತಿಂಡಿಗೆ ಕೂತಿರುತ್ತೇನೆ. ತಂಪು ಕಡೆ 24ಕ್ಕಿಂತ ಕೆಳಗಿದ್ದರೆ ಶನಿವಾರ ಹಾವು ತರಬೇಡ, ಫೋನ್ ಮಾಡು.

ನಿನ್ನ ಅಪ್ಪ