ಆಷಾಢದ ಗಾಳಿ, ಅಂಜೂರದ ಕಾಯಿ: ದಾವಣಗೆರೆಯ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿಮ್ಮ ಅಂಜೂರದ ಮರದಲ್ಲಿ ಕರೆಂಟ್ ತಂತಿಗೆ ತಾಗುವ ಕೊಂಬೆಗಳನ್ನು ಕಡಿಸೋದೇ ಅಂತ ತೀರ್ಮಾನ ಮಾಡಿದ್ದು ಒಳ್ಳೇದಾಯ್ತು. ಆಷಾಢದ ಗಾಳಿ ಸುಮ್ಮನೆ ಅಲ್ಲ. ನಮ್ಮ ದುರ್ಗದಲ್ಲಂತೂ ಮಹಡಿ ಮೇಲೆ ಒಣಹಾಕಿದ ಲುಂಗಿ ಹುಡುಕಲು ಮೂರು ಮನೆ ಬಾಗಿಲು ತಟ್ಟಬೇಕು. ಆದರೆ ಕಡಿದ ಕೊಂಬೆಯ ಅಂಜೂರದ ಕಾಯಿಗಳನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಹಣ್ಣು ಮಾಡ್ತೀನಿ ಅಂದೆಯಲ್ಲ, ಅದು ಆಗುವ ಮಾತಲ್ಲ.

ಮಾವು, ಬಾಳೆ, ಸಪೋಟ ಕಿತ್ತ ಮೇಲೂ ಹಣ್ಣಾಗುತ್ತವೆ. ಎಳೆ ಅಂಜೂರ ಕಿತ್ತರೆ ಸುಕ್ಕುಗಟ್ಟುತ್ತದೆಯೇ ಹೊರತು ಸಿಹಿಯಾಗುವುದಿಲ್ಲ. ಅದರ ಬೆಳವಣಿಗೆಯೇ ವಿಚಿತ್ರ. ಮೊದಲು ಬೇಗ ದಪ್ಪಗಾಗುತ್ತೆ, ಆಮೇಲೆ ವಾರಗಟ್ಟಲೆ ಅಲ್ಲಾಡದೆ ನಿಂತುಬಿಡುತ್ತೆ, ಕೊನೆಗೆ ಕೆಲವೇ ದಿನಗಳಲ್ಲಿ ಉಬ್ಬಿ, ಮೆತ್ತಗಾಗಿ, ಕತ್ತು ಬಾಗಿಸುತ್ತೆ. ಸಕ್ಕರೆ ತುಂಬುವುದು ಈ ಕೊನೆಯ ದಿನಗಳಲ್ಲೇ. ಹಾಗಾಗಿ ಉಳಿಯುವ ಕೊಂಬೆಗಳ ಕಾಯಿಗೆ ಕೈ ಹಾಕಬೇಡ, ಅವು ಸತ್ತಿಲ್ಲ, ಕಾಯುತ್ತಿವೆ. ಮಳೆಗಾಲದ ಹಣ್ಣು ಬೇಸಿಗೆಯದರಷ್ಟು ಸಿಹಿ ಇರಲ್ಲ, ಜೋರು ಮಳೆ ಬಿದ್ದರೆ ಒಡೆಯಲೂಬಹುದು. ಆದರೂ ಹಣ್ಣು ಹಣ್ಣೇ.

ಇನ್ನು ಕೆಳಗೆ ಬೀಳುವ ಕಾಯಿಗೆ ನನ್ನ ಸಲಹೆ ಒಂದೇ: ಮೊರಬ್ಬ ಮಾಡು. ಗ್ರೀಸ್, ಟರ್ಕಿ, ಬಲ್ಗೇರಿಯಾ ಕಡೆಯವರು ಹಸಿರು ಅಂಜೂರವನ್ನು ಬೇಕಂತಲೇ ಕಿತ್ತು ಪಾಕಕ್ಕೆ ಹಾಕುತ್ತಾರೆ, ದಕ್ಷಿಣ ಆಫ್ರಿಕಾದಲ್ಲೂ ಈ ರೂಢಿ ಉಂಟು. ನಮಗೆ ಮಾತ್ರ ಅಂಜೂರ ಅಂದರೆ ದಾರದಲ್ಲಿ ಪೋಣಿಸಿದ ಒಣಹಣ್ಣು.

ಮೊದಲು ಸೊನೆಯ ವಿಷಯ. ತೊಟ್ಟು ಮುರಿದ ತಕ್ಷಣ ಬಿಳಿ ಹನಿಯೊಂದು ಉಕ್ಕಿ ನಿಲ್ಲುತ್ತದಲ್ಲ, ಅದು ನೋಡಲಷ್ಟೇ ಹಾಲು. ಅದರಲ್ಲಿ ಫಿಸಿನ್ ಎಂಬ ಕಿಣ್ವ ಇದೆ. ಪರಂಗಿಕಾಯಿಯ ಪಪೈನ್ ಇದರ ದಾಯಾದಿ, ಎರಡೂ ಪ್ರೋಟೀನನ್ನು ಕರಗಿಸುತ್ತವೆ. ಹಿಂದೆ ಗ್ರೀಕರು ಇದೇ ಸೊನೆಯಿಂದ ಹಾಲು ಒಡೆಸಿ ಚೀಸ್ ಮಾಡುತ್ತಿದ್ದರು. ಹಸಿಕಾಯಿ ಕಚ್ಚಿದರೆ ತುಟಿ, ನಾಲಿಗೆ ಉರಿಯುತ್ತವೆ. ಸೊನೆ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಇನ್ನೂ ಕೆಟ್ಟದ್ದು, ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಕಲೆ ಬಹಳ ದಿನ ಉಳಿಯುತ್ತದೆ. ಎಲೆಯಲ್ಲೂ ಅದೇ ಗುಣ ಇದೆ. ಕೊಂಬೆ ಕಡಿಯಲು ಬರುವವನಿಗೆ ಇದನ್ನು ನೀನೇ ಹೇಳಬೇಕು. ತುಂಬುತೋಳಿನ ಅಂಗಿ ಹಾಕಿಕೊಂಡು, ಬಿಸಿಲು ಇಳಿದ ಮೇಲೆ ಕೆಲಸ ಶುರು ಮಾಡಲಿ, ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯಲಿ. ನಿನ್ನ ಕೈಗೆ ಹಲಸು ಬಿಡಿಸುವಾಗ ಹಚ್ಚುವಂತೆ ಕೊಬ್ಬರಿ ಎಣ್ಣೆ ಹಚ್ಚಿಕೋ, ಗ್ಲೌಸ್ ಇದ್ದರೆ ಇನ್ನೂ ಮೇಲು.

ಒಂದು ಕಾಯಿ ಸೀಳಿ ನೋಡು. ಸುತ್ತ ಬಿಳಿ ಬೆಂಡು, ಒಳಗೆ ನೂರಾರು ಎಳೆ ಎಳೆ ಹೂವು. ಹೌದು, ಅವು ಹೂವೇ, ಅಂಜೂರ ಹೂ ಬಿಡುವುದು ಹೊಟ್ಟೆಯೊಳಗೆ. ಆ ಎಳೆಗಳು ಇನ್ನೂ ಬಿಳಿಯಾಗಿದ್ದು ಕಾಯಿ ಗಟ್ಟಿ ಇದ್ದರೆ ಮೊರಬ್ಬಕ್ಕೆ ಸರಿ. ಗುಲಾಬಿ ತಿರುಗಿದ್ದರೆ ಪಾಕದಲ್ಲಿ ಕರಗಿಹೋಗುತ್ತೆ.

ತೊಟ್ಟು ತೆಗೆದು, ತಳದಲ್ಲಿ ಕತ್ತರಿ ಗುರುತಿನ ಹಾಗೆ ಸೀಳಿ, ಧಾರಾಳ ನೀರಲ್ಲಿ ಕಾಲು ಗಂಟೆ ಕುದಿಸು. ನೀರು ಚೆಲ್ಲು. ಹೊಸ ನೀರು ಹಾಕಿ ಮತ್ತೆ ಕುದಿಸು, ಮತ್ತೆ ಚೆಲ್ಲು. ಕಹಿ ಹೋಗಿ, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯುವ ತನಕ ಹೀಗೇ ಮೂರು ಸಲವಾದರೂ ನಡೆಯಲಿ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಸಕ್ಕರೆ ಸುರಿದರೂ ಗಂಟಲು ಕೆರೆಯೋದು ತಪ್ಪಲ್ಲ. ಹಸಿರು ಬಣ್ಣ ಮಂಕಾಗುತ್ತೆ, ಆಗಲಿ ಬಿಡು.

ಆಮೇಲೆ ಕಾಯಿಯ ತೂಕದಷ್ಟೇ ಸಕ್ಕರೆ, ಮುಳುಗುವಷ್ಟು ನೀರು, ನಾಲ್ಕು ಲವಂಗ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ ರಾತ್ರಿಯಿಡೀ ಮುಚ್ಚಿಡು, ಕಾಯಿ ಪಾಕ ಕುಡಿಯಲಿ. ಮರುದಿನ ಮತ್ತೆ ಒಲೆಗಿಟ್ಟು, ಒಂದೆಳೆ ಪಾಕಕ್ಕೆ ಬರುವಾಗ ನಿಂಬೆರಸ ಹಿಂಡು, ಸಕ್ಕರೆ ಹರಳುಗಟ್ಟುವುದಿಲ್ಲ. ಸ್ಟೀಲ್ ಪಾತ್ರೆಯೇ ಇರಲಿ. ಬೆಲ್ಲ ಹಾಕಲೇ ಅಂತ ನೀನು ಕೇಳೇ ಕೇಳ್ತೀಯ. ಹಾಕಬಹುದು, ಆದರೆ ಬಾಟಲಿಯಲ್ಲಿ ಕಾಣೋದು ಬರೀ ಕಪ್ಪು ಉಂಡೆ, ಬಾಯಲ್ಲಿ ಸಿಗೋದು ಬರೀ ಬೆಲ್ಲ. ಚೆನ್ನಾಗಿ ಕುದಿಸಿ ಬಸಿದ ಕಾಯಿಯ ಪಲ್ಯವೂ ಆಗುತ್ತೆ. ಬಂಗಾಳದಲ್ಲಿ ಅಂಜೂರದ ನೆಂಟನಾದ ಅತ್ತಿಕಾಯಿಯನ್ನು ಡುಮುರ್ ಅಂತ ಕರೆದು ಪಲ್ಯ ಮಾಡುತ್ತಾರೆ. ಒಗ್ಗರಣೆ, ಒಣಕೊಬ್ಬರಿ, ಖಾರ ಬಿದ್ದರೆ ತಿನ್ನಬಹುದು. ತಿನ್ನಬಹುದು ಅಷ್ಟೇ.

ಮೊರಬ್ಬಕ್ಕೆ ಜೋಡಿ ಬಿಸಿ ಜೋಳದ ರೊಟ್ಟಿ, ಬೆಣ್ಣೆ. ನಿಮ್ಮೂರ ಬೆಣ್ಣೆದೋಸೆ ಜೊತೆ ಮಾತ್ರ ಬೇಡ, ಅದಕ್ಕೆ ಅದರ ಆಲೂ ಪಲ್ಯ, ಚಟ್ನಿಯೇ ಸಾಕು.

ಕಡಿದ ಕೊಂಬೆಯಲ್ಲಿ ಬಲಿತ, ಪೆನ್ಸಿಲ್ ದಪ್ಪದ, ಗೇಣುದ್ದದ ನಾಲ್ಕು ಕಡ್ಡಿ ಒದ್ದೆ ಗೋಣಿಯಲ್ಲಿ ಸುತ್ತಿಡು. ಅಂಜೂರ ಕಡ್ಡಿಯಿಂದಲೇ ಚಿಗುರುತ್ತೆ, ನಮ್ಮ ಹಿತ್ತಲಲ್ಲಿ ಗೋಡೆ ಮರೆಯ ಜಾಗ ಖಾಲಿ ಇದೆ. ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಸಕ್ಕರೆ ನೀನು ತಂದಿಟ್ಟಿರು, ನಿಂಬೆಹಣ್ಣು ನಾನು ತರ್ತೀನಿ.

ನಿನ್ನ,
ದುರ್ಗದ ಗೆಳೆಯ