ಹಿಡಿಕೆ ಇಲ್ಲದ ಕುರ್ಚಿ

ಪುಟ್ಟಿ,

ವೀಲ್‌ಚೇರ್ ಟೆನಿಸ್ ಪಂದ್ಯ ಮುಗಿಸಿ ನಿನ್ನೆ ರಾತ್ರಿ ಫೋನಿನಲ್ಲಿ "ಮೊದಲನೇ ರೌಂಡಲ್ಲೇ ಸೋತೆ ಅಮ್ಮ" ಅಂದು ಸುಮ್ಮನಾಗಿಬಿಟ್ಟೆ. ನನಗೂ ಮಾತು ಹೊರಡಲಿಲ್ಲ. ಫೋನಿಟ್ಟ ಮೇಲೆ ಹೇಳಬೇಕಾದ್ದೆಲ್ಲ ನೆನಪಾಯಿತು.

ನೀನು ಗೋಡೆಗೆ ಎಸ್ತರ್ ವರ್ಗೀರ್ ಫೋಟೋ ಅಂಟಿಸಿದಾಗ ಆಕೆ ಯಾರೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ. ನೆದರ್ಲೆಂಡ್ಸ್‌ನ ಹುಡುಗಿ, ನಿನ್ನದೇ ಆಟದವಳು. ಎಂಟನೇ ವಯಸ್ಸಿನಲ್ಲಿ ಬೆನ್ನುಹುರಿಯ ಆಪರೇಷನ್ ಆಗಿ ಕಾಲುಗಳ ಸ್ವಾಧೀನ ಹೋಯಿತು. ಅಲ್ಲಿಂದ ಮುಂದಕ್ಕೆ ಓದಲು ಅವತ್ತು ಆಗಲಿಲ್ಲ. ನಿನಗೂ ಆಗ ಎಂಟೇ ಅಲ್ವಾ. ಆ ತಾಯಿ ಆಸ್ಪತ್ರೆಯಲ್ಲಿ ಹೇಗೆ ಕೂತಿದ್ದಳೋ ಅಂತ ಯೋಚಿಸುತ್ತಲೇ ಇದ್ದೆ.

2003ರ ಜನವರಿಯಲ್ಲಿ ಎಸ್ತರ್ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಆಟಗಾರ್ತಿ ಡ್ಯಾನಿಯೆಲಾ ಡಿ ಟೊರೊಗೆ ಸೋತಳು. ಅದೇ ಅವಳ ಕೊನೆಯ ಸೋಲು. 2013ರಲ್ಲಿ ನಿವೃತ್ತಿ ಹೇಳುವವರೆಗೆ ಸಿಂಗಲ್ಸ್‌ನಲ್ಲಿ ಸತತ 470 ಪಂದ್ಯ ಗೆದ್ದಳು. ಎಲ್ಲರೂ ಈ 470 ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್ ಫೈನಲ್. ಎದುರಿಗಿದ್ದವಳು ಅವಳದೇ ದೇಶದ ಕೋರಿ ಹೋಮನ್. ಮೂರನೇ ಸೆಟ್. ಹೋಮನ್‌ಗೆ ಮ್ಯಾಚ್ ಪಾಯಿಂಟ್, ಇನ್ನೊಂದೇ ಪಾಯಿಂಟ್ ಸಿಕ್ಕರೆ ಪಂದ್ಯ ಅವಳದು. ಅದೊಂದು ಹೋಗಿದ್ದರೆ ಐದು ವರ್ಷದ ಗೆಲುವು ಅಲ್ಲಿಗೇ ಮುಗಿಯುತ್ತಿತ್ತು. ಎಸ್ತರ್ ಅದನ್ನು ಉಳಿಸಿಕೊಂಡಳು, 6-2, 4-6, 7-6ರಲ್ಲಿ ಗೆದ್ದಳು. ಆ ಹೊತ್ತಲ್ಲಿ ಅವಳ ಕುರ್ಚಿಯನ್ನು ಬೇರೆ ಯಾರೂ ತಳ್ಳಿಕೊಡುವ ಹಾಗಿರಲಿಲ್ಲ, ಪುಟ್ಟಿ.

ನಿನ್ನ ಆಟದ ಕುರ್ಚಿ ಬಂದ ದಿನ ನೆನಪಿದೆಯಾ? ಅಭ್ಯಾಸದಂತೆ ನಾನು ಹಿಂದೆ ಹೋಗಿ ಕೈ ಚಾಚಿದೆ. ಹಿಡಿಕೆಯೇ ಇಲ್ಲ. ಎರಡೂ ಚಕ್ರ ಕೆಳಗೆ ಅಗಲವಾಗಿ ಓರೆಗೆ ನಿಂತಿದ್ದವು, ಮಗುಚದಿರಲು ಹಿಂದೊಂದು ಪುಟ್ಟ ಚಕ್ರ. ನನ್ನ ಕೈಗೆ ಅಲ್ಲಿ ಜಾಗವೇ ಇರಲಿಲ್ಲ. ನೀನು ಅಷ್ಟು ಹೊತ್ತಿಗೆ ಅಂಗಳದ ಆ ತುದಿಯಲ್ಲಿದ್ದೆ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಶಾಲೆಯಲ್ಲಿ ಆಟದ ಪಿರಿಯಡ್ ಬಂದಾಗಲೆಲ್ಲ ನಿನ್ನನ್ನು ಕ್ಲಾಸಿನಲ್ಲೇ ಕೂರಿಸುತ್ತಿದ್ದರು. ಬಿದ್ದರೆ ಅನ್ನೋ ಭಯಕ್ಕೆ ನಾನೂ ಒಪ್ಪಿಕೊಂಡಿದ್ದೆ. ಅದು ನನ್ನ ತಪ್ಪು. ಈ ಮಾತು ನಿನಗೆ ಯಾವತ್ತೂ ಹೇಳಿರಲಿಲ್ಲ.

ಮೊನ್ನೆ ನಿನ್ನ ಮಾವ ಬಂದಿದ್ದ. ನಿನ್ನ ಆಟಕ್ಕೂ ಮಾಮೂಲಿ ಟೆನಿಸ್‌ನದೇ ಕೋರ್ಟು, ಅದೇ ನೆಟ್ಟು, ಚೆಂಡು ಎರಡು ಸಲ ಪುಟಿಯಬಹುದು, ಎರಡನೆಯದು ಗೆರೆಯಾಚೆ ಬಿದ್ದರೂ ಸರಿ ಅಂತ ವಿವರಿಸಿದೆ. "ಹಾಗಾದ್ರೆ ಸುಲಭ" ಅಂದ. ರಾಕೆಟ್ ಹಿಡಿದ ಕೈಯಲ್ಲೇ ಚಕ್ರ ತಳ್ಳಿ ನೋಡು, ಆಮೇಲೆ ಹೇಳು ಅಂದೆ.

ಅಂಗೈ ಬೊಬ್ಬೆ ಒಡೆದಿದೆ ಅಂದೆಯಲ್ಲ, ಟೇಪ್ ಸುತ್ತದೆ ಆಡಬೇಡ. ಭಾನುವಾರ ಬೆಳಗಿನ ಬಸ್ಸಿಗೆ ಕೋಡುಬಳೆ ಮಾಡಿಕೊಂಡು ಬರುತ್ತೇನೆ. ಪ್ರಾಕ್ಟೀಸ್ ಮುಗಿಯುವವರೆಗೆ ಬೇಲಿಯಾಚೆ ಬೆಂಚಿನಲ್ಲಿ ಕೂತಿರುತ್ತೇನೆ. ನೀನಾಗಿ ಕರೆಯದೆ ಒಳಗೆ ಬರುವುದಿಲ್ಲ.

ನಿನ್ನ ಅಮ್ಮ