ಹೊಸ ಯಂತ್ರ: ಲೆಕ್ಕ ಜಾರುವುದು ಎಲ್ಲಿ?

ಮಾನ್ಯ ಸಂಪಾದಕರೇ,

ಹೊಸ ಯಂತ್ರ ಕೊಳ್ಳಬೇಕೇ ಎಂದು ತೂಗುವಾಗ ಅದು ತರುವ ಒಟ್ಟು ಆದಾಯದಲ್ಲಿ ಖರ್ಚು ಕಳೆದು ನೋಡುವವರೇ ಹೆಚ್ಚು. ನೋಡಬೇಕಾದದ್ದು ಅದಲ್ಲ. ಕೊಂಡರೆ ಕೈಸೇರುವ ನಗದು ಎಷ್ಟು, ಹಳೆಯದರಲ್ಲೇ ನಡೆಸಿದರೆ ಎಷ್ಟು ಎಂದು ಎರಡು ಅಂಕಣ ಬರೆದು ವ್ಯತ್ಯಾಸವನ್ನಷ್ಟೇ ಹಿಡಿಯಬೇಕು. ಹಳೆಯ ಯಂತ್ರದ ಈ ವರ್ಷದ ಖರ್ಚನ್ನೇ ಮುಂದಿನ ವರ್ಷಗಳಿಗೂ ಎಳೆಯುವುದು ದೊಡ್ಡ ತಪ್ಪು. ಹಳತಾದಷ್ಟೂ ರಿಪೇರಿ, ಕೆಟ್ಟು ನಿಂತ ದಿನಗಳು, ಹಾಳಾಗುವ ಮಾಲು ಹೆಚ್ಚುತ್ತವೆ.

ಒಂದು ಉದಾಹರಣೆ. ಯಂತ್ರಕ್ಕೆ 10 ಲಕ್ಷ, ಸಾಗಣೆ ಮತ್ತು ಅಳವಡಿಕೆಗೆ 1 ಲಕ್ಷ, ಹೆಚ್ಚುವರಿ ದಾಸ್ತಾನಿಗೆ 60 ಸಾವಿರ. ಹಳೆಯ ಯಂತ್ರ 2 ಲಕ್ಷಕ್ಕೆ ಮಾರಾಟವಾಗುತ್ತದೆ, ಪುಸ್ತಕ ಮೌಲ್ಯ (ಸವಕಳಿ ಕಳೆದು ಲೆಕ್ಕದ ಪುಸ್ತಕದಲ್ಲಿ ಉಳಿದ ಬೆಲೆ) 1.2 ಲಕ್ಷ. ಹೆಚ್ಚು ಬಂದ 80 ಸಾವಿರಕ್ಕೆ ಶೇ 25 ತೆರಿಗೆ ಎಂದುಕೊಂಡರೆ ಕೈಗೆ 1.8 ಲಕ್ಷ. ನಿವ್ವಳ ಹೂಡಿಕೆ 9.8 ಲಕ್ಷ. ಸರಳವಾಗಿರಲೆಂದು ವರ್ಷದ ಉಳಿತಾಯ 3 ಲಕ್ಷ ಎಂದಿಟ್ಟುಕೊಳ್ಳೋಣ. ಯಂತ್ರ ಮತ್ತು ಅಳವಡಿಕೆಯ 11 ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ಸವಕಳಿ, ಅಂದರೆ ಯಂತ್ರ ಸವೆದದ್ದಕ್ಕೆ ವರ್ಷಕ್ಕೆ ಬರೆಯುವ ಖರ್ಚು, 2.2 ಲಕ್ಷ; ಹಳೆಯದರ ಮೇಲೆ ಹೇಗೂ ಸಿಗುತ್ತಿದ್ದ 24 ಸಾವಿರ (1.2 ಲಕ್ಷದ ಐದನೇ ಒಂದು ಪಾಲು) ಕಳೆದರೆ 1.96 ಲಕ್ಷ. ಉಳಿತಾಯದಲ್ಲಿ ಇದನ್ನು ಕಳೆದು ಉಳಿದ 1.04 ಲಕ್ಷಕ್ಕೆ ತೆರಿಗೆ 26 ಸಾವಿರ, ಕೈಯಲ್ಲಿ ಉಳಿಯುವ ನಗದು 2.74 ಲಕ್ಷ. ಸವಕಳಿ ಕೈಬಿಟ್ಟು ಹೋಗುವ ಹಣವಲ್ಲ, ತೆರಿಗೆ ತಗ್ಗಿಸುತ್ತದೆ ಅಷ್ಟೇ. ಇದನ್ನು ಮರೆತು, 1.04 ಲಕ್ಷದಲ್ಲಿ ತೆರಿಗೆ ಕಳೆದ 78 ಸಾವಿರದ ಲಾಭವನ್ನೇ ಗಳಿಕೆ ಎಂದರೆ ಒಳ್ಳೆಯ ಯಂತ್ರವೂ ದಂಡವಾಗಿ ಕಾಣುತ್ತದೆ.

ಈಗಾಗಲೇ ಪರೀಕ್ಷೆಗೋ ಸಲಹೆಗೋ ಕೊಟ್ಟ ಹಣ ಕೊಂಡರೂ ಕೊಳ್ಳದಿದ್ದರೂ ಹಿಂತಿರುಗದು, ಸೇರಿಸಬೇಡಿ. ಕಚೇರಿ ಬಾಡಿಗೆಯ ಪಾಲು ಹೊರಿಸುವುದೂ ಸಲ್ಲ, ಬಾಡಿಗೆಯೇ ಹೆಚ್ಚದಿದ್ದರೆ. ಆದರೆ ಯಂತ್ರ ನಿಲ್ಲಿಸುವ ಜಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬಹುದಾಗಿದ್ದರೆ ಆ ಕಳೆದುಕೊಂಡ ಬಾಡಿಗೆ ಖರ್ಚಾಗಿ ಲೆಕ್ಕಕ್ಕೆ ಬರಲೇಬೇಕು. ಹೊಸ ಉತ್ಪನ್ನ ನಮ್ಮದೇ ಹಳೆಯ ಉತ್ಪನ್ನದ ಗಿರಾಕಿಗಳನ್ನು ಸೆಳೆದರೆ ಅದನ್ನೂ ಕಳೆಯಿರಿ. ಸಾಲದ ಬಡ್ಡಿಯನ್ನು ಖರ್ಚಿನಲ್ಲಿ ಬರೆಯಬಾರದು: ಮುಂದೆ ಬರುವ ನಗದನ್ನು ಇಂದಿನ ಬೆಲೆಗೆ ಇಳಿಸುವ, ಅಂದರೆ ವಟಾಯಿಸುವ, ದರದಲ್ಲೇ ಬಂಡವಾಳದ ವೆಚ್ಚ ಅಡಗಿರುವುದರಿಂದ ಎರಡು ಸಲ ಎಣಿಸಿದಂತಾಗುತ್ತದೆ.

ಕೊನೆಯ ವರ್ಷವನ್ನು ಅವಸರದಲ್ಲಿ ಮುಗಿಸುವುದು ಸಾಮಾನ್ಯ. ದಾಸ್ತಾನಿನಲ್ಲಿ ಸಿಲುಕಿದ್ದ 60 ಸಾವಿರ ಆಗ ಮರಳುತ್ತದೆ. ಯಂತ್ರ ಗುಜರಿಗೆ 1 ಲಕ್ಷ ತಂದರೆ, ಪುಸ್ತಕ ಮೌಲ್ಯ ಆಗ ಸೊನ್ನೆಯಾಗಿರುವುದರಿಂದ, ಅಷ್ಟಕ್ಕೂ ತೆರಿಗೆ ಕಳೆದು 75 ಸಾವಿರ. ಐದನೇ ವರ್ಷದ ನಗದು ಆದ್ದರಿಂದ 2.74 ಅಲ್ಲ, 4.09 ಲಕ್ಷ.

– ವೆಚ್ಚ ಲೆಕ್ಕಿಗ, ಓದುಗ